ಎರಡು ಬೆರಳಿನ ಲಿವರು

ಬೆಳಿಗ್ಗೆ ತರಕಾರಿ ತರಲು ಹೊರಟಿದ್ದೆ. ಪುಣೆ ಕ್ಯಾಂಪಿನ ಒಂದು ಸಿಗ್ನಲ್ಲಿನಲ್ಲಿ ನನ್ನ ಎಡಗೈಯ ಉಂಗುರಬೆರಳು ಕ್ಲಚ್ ಲಿವರನ್ನು ಹಿಡಿದದ್ದು ಬಿಡಲೇ ಇಲ್ಲ. ಹಸಿರು ದೀಪ ಬಂತು. ಉಳಿದ ಬೆರಳುಗಳೆಲ್ಲ ಬಿಚ್ಚಿಕೊಂಡವು, ಇದೊಂದು ಮಾತ್ರ ಮಡಚಿಕೊಂಡು ಕೂತಿತ್ತು. ಹಿಂದಿನವರು ಹಾರ್ನ್ ಒತ್ತತೊಡಗಿದರು. "ಓ ಕಾಕು, ಚಲಾ ನಾ," ಎಂದು ಒಬ್ಬ ರಿಕ್ಷಾದವನು ಕೂಗಿದ. ನನಗೇನು ಅಲ್ಲೇ ಬಿಡಾರ ಹೂಡುವ ಆಸೆಯಿತ್ತೇ? ಬಲಗೈಯಿಂದ ಆ ಬೆರಳನ್ನು ಹಿಡಿದು ಎಳೆದೆ. ಟಕ್ಕೆಂದು ಬಿಟ್ಟುಕೊಂಡಿತು. ಅದರ ಜೊತೆಗೇ ಕ್ಲಚ್ಚೂ ಬಿಟ್ಟಿತು, ಬೈಕು ಒಮ್ಮೆ ನೆಗೆದು ಆಫ್ ಆಯಿತು. ಅಷ್ಟು ಹೊತ್ತಿಗೆ ದೀಪ ಮತ್ತೆ ಕೆಂಪಾಗಿತ್ತು.

ಕ್ಯಾಂಪಿನಲ್ಲಿ ನಮ್ಮದೊಂದು ಹೋಟೆಲು. ಇಡ್ಲಿ, ದೋಸೆ, ಮಧ್ಯಾಹ್ನ ಊಟ. ಅಡುಗೆಮನೆ ನನ್ನ ಗಂಡನದ್ದು, ಗಲ್ಲಾ ನನ್ನದು. ನಾವಿಬ್ಬರೂ ಕುಂದಾಪುರದ ಕಡೆಯವರು, ಮದುವೆಯಾದಾಗಿನಿಂದ ಇಲ್ಲೇ. ಅವರು ಒಂದು ಜಾಗದಲ್ಲಿ ಕೂತರೆ ಕೂತರು, ನಿಂತರೆ ನಿಂತರು. ನನಗೆ ಆ ಭಾಗ್ಯವಿಲ್ಲ. ಗಲ್ಲಾದಲ್ಲಿ ಕೂತಲ್ಲೇ ಕಾಲು ಕುಣಿಸುತ್ತೇನೆ, ಸೋಂಪಿನ ಬಟ್ಟಲನ್ನು ಆಚೆ ಈಚೆ ಸರಿಸುತ್ತೇನೆ, ನಲ್ಲಿ ತೊಟ್ಟಿಕ್ಕಿದರೆ ಗಿರಾಕಿಯನ್ನು ಅಲ್ಲೇ ನಿಲ್ಲಿಸಿ ಬಿಗಿ ಮಾಡಲು ಏಳುತ್ತೇನೆ. ತಲೆಯೂ ಹಾಗೆಯೇ. ಒಂದು ಯೋಚನೆ ಮುಗಿಯುವ ಮೊದಲು ಇನ್ನೊಂದು ಬಂದು ಸಾಲಿನಲ್ಲಿ ನಿಂತಿರುತ್ತದೆ.

ಆ ತಲೆ ಸುಮ್ಮನಾಗುವುದು ಬೈಕಿನ ಮೇಲೆ ಮಾತ್ರ. ಮದುವೆಗೆ ಮೊದಲೇ ಅಣ್ಣನ ಬೈಕಿನಲ್ಲಿ ಕಲಿತದ್ದು. ನಲವತ್ತು ದಾಟಿದ ಮೇಲೆ ಹಠ ಹಿಡಿದು ನನ್ನದೇ ಒಂದನ್ನು ತೆಗೆದುಕೊಂಡೆ. ಒಳ್ಳೆ ತೂಕದ ಗಾಡಿ. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಬರುವಷ್ಟು ಹೊತ್ತು ಎಡಗೈ ಕ್ಲಚ್ಚಿನಲ್ಲಿ, ಎಡಗಾಲು ಗೇರಿನಲ್ಲಿ, ಕಣ್ಣು ರಸ್ತೆಯಲ್ಲಿ. ಬೇರೆ ಏನನ್ನೂ ಯೋಚಿಸಲು ಜಾಗವೇ ಇರುವುದಿಲ್ಲ. ಅದಕ್ಕೇ ಸ್ಕೂಟರ್ ಬೇಡ ಎನ್ನುವುದು. ಸ್ಕೂಟರಿನಲ್ಲಿ ಎಡಗೈಗೆ ಅಷ್ಟು ಕೆಲಸವಿಲ್ಲ, ಎಡಗಾಲಿಗೆ ಏನೂ ಇಲ್ಲ. ಅಷ್ಟು ಬಿಡುವು ಕೊಟ್ಟರೆ ಸಾಕು, ನನ್ನ ತಲೆ ಮತ್ತೆ ಗಲ್ಲಾಕ್ಕೇ ಹೋಗಿ ಕೂರುತ್ತದೆ.

ನನ್ನ ಗಂಡನಿಗೆ ಗೇರಿನ ಗಾಡಿ ಬರುವುದಿಲ್ಲ. ಹದಿಹರೆಯದಲ್ಲೇ ಅಡುಗೆಮನೆ ಹೊಕ್ಕವರು, ಕಲಿಯಲು ಪುರಸೊತ್ತಾಗಲಿಲ್ಲ, ಆಮೇಲೆ ಮನಸ್ಸಾಗಲಿಲ್ಲ. ಸ್ಕೂಟರ್ ಮಾತ್ರ ಬಿಡುತ್ತಾರೆ, ಅದನ್ನೂ ಎಮ್ಮೆ ಹೊಡೆದುಕೊಂಡು ಹೋಗುವವರ ಹಾಗೆ. ಸಿಗ್ನಲ್ಲಿನ ಕತೆ ನಾನು ಹೇಳುವ ಮೊದಲೇ ಅವರ ಕಿವಿಗೆ ಬಿದ್ದಿತ್ತು. ಕ್ಯಾಂಪಿನಲ್ಲಿ ನಮ್ಮ ಗಿರಾಕಿಗಳಿಲ್ಲದ ಸಿಗ್ನಲ್ಲು ಯಾವುದು?

"ಇನ್ನು ಸ್ಕೂಟರೇ ತಗೊ ಮಾರಾಯ್ತಿ," ಎಂದರು. "ಗೇರಿಲ್ಲ, ಕ್ಲಚ್ಚಿಲ್ಲ, ತಲೆಬಿಸಿ ಇಲ್ಲ."

"ತಲೆಬಿಸಿ ಆಗುದೇ ಅದ್ರಲ್ಲಿ," ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಶಿವಾಜಿನಗರದಲ್ಲಿ ಕೈಮೂಳೆಯ ಡಾಕ್ಟರೊಬ್ಬರಿದ್ದಾರೆ, ಬೆಳಗಾವಿ ಕಡೆಯವರು. ನನ್ನ ಬೆರಳನ್ನು ಮಡಚಿ, ಬಿಡಿಸಿ, ಅದು ಟಕ್ಕೆನ್ನುವುದನ್ನು ಕೇಳಿ ತಲೆಯಾಡಿಸಿದರು. "ಟ್ರಿಗರ್ ಫಿಂಗರ್ ಅಂತಾರ್ರಿ ಇದಕ್ಕ. ಭಾಳ ಹೆಣ್ಮಕ್ಕಳಿಗೆ ಬರ್ತದ. ಇಂಜೆಕ್ಷನ್ ಕೊಡ್ತೀನಿ. ಆದ್ರ ಆ ಬೆರಳಿಗೆ ಕೆಲಸ ಕೊಡಬ್ಯಾಡ್ರಿ." ಬೈಕಿನ ಮಾತೆತ್ತಿದೆ. ಬೇಡವೆಂದರು. ಅದಿಲ್ಲದೆ ನನಗೆ ಆಗುವುದಿಲ್ಲ ಎಂದೆ. ಅವರು ನಕ್ಕರು. "ಹಂಗಾರ ಆ ಬೆರಳು ಬಿಟ್ಟು ಉಳಿದವುಕ್ಕ ಕೆಲಸ ಹಚ್ರಿ," ಎಂದು ಹೇಳಿ ಮುಂದಿನವರನ್ನು ಕರೆದರು.

ತಮಾಷೆಗೆ ಹೇಳಿದ ಮಾತು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಫೋನಿನಲ್ಲಿ ಹುಡುಕಿದಾಗ ಅಂಥದ್ದೇ ಲಿವರುಗಳಿವೆ ಎಂದು ಗೊತ್ತಾಯಿತು. ಗಾಡಿಯ ಜೊತೆ ಬರುವ ಲಿವರಿಗಿಂತ ಗಿಡ್ಡ, ತೋರುಬೆರಳು ಮತ್ತು ನಡುಬೆರಳು ಎರಡಕ್ಕೇ ಸಾಲುವಷ್ಟು ಉದ್ದ. ಬುಡದಲ್ಲೊಂದು ಪುಟ್ಟ ತಿರುಗಣೆ. ಅದನ್ನು ತಿರುಗಿಸಿದರೆ ಲಿವರು ಹಿಡಿಕೆಯ ಹತ್ತಿರಕ್ಕೆ ಬರುತ್ತದೆ, ಸಣ್ಣ ಕೈಯವರು ಬೆರಳು ಚಾಚಬೇಕಾಗಿಲ್ಲ. ಕ್ಲಚ್ಚಿಗೊಂದು, ಬ್ರೇಕಿಗೊಂದು, ಜೋಡಿಯಾಗಿಯೇ ಬರುವುದು. ತರಿಸಿದೆ.

ಇತ್ತ ನನ್ನ ಮೈದುನ ಬೈಕಿನ ಮೇಲೆ ಕಣ್ಣಿಟ್ಟಿದ್ದ. ಶಿವಾಜಿನಗರದಲ್ಲಿರುವ ನಮ್ಮ ಇನ್ನೊಂದು ಹೋಟೆಲನ್ನು ನೋಡಿಕೊಳ್ಳುವವನು ಅವನೇ. ಕೆಟ್ಟವನಲ್ಲ, ಆತುರದವನು. ನನ್ನ ಬೆರಳಿನ ಸುದ್ದಿ ಕೇಳಿದ ಮೇಲೆ ದಿನವೂ ಒಂದು ನೆಪ ಮಾಡಿಕೊಂಡು ಬರುವುದು, ನನ್ನ ಗಾಡಿಯ ಮೇಲೆ ಕೂರುವುದು, ಕನ್ನಡಿಯನ್ನು ತನ್ನ ಮುಖಕ್ಕೆ ತಿರುಗಿಸಿಕೊಳ್ಳುವುದು. ಅವನು ಹೋದ ಮೇಲೆ ಕನ್ನಡಿ ಸರಿ ಮಾಡುವಾಗ ನನಗೆ ಮೈ ಉರಿಯುತ್ತಿತ್ತು.

"ಅತ್ತಿಗೆ, ಆಯುಧ ಪೂಜೆಗೆ ಮೊದ್ಲು ತಗೊಂಡು ಹೋಗ್ತೇನೆ," ಎಂದ ಒಂದು ದಿನ. "ಈ ಸಲ ಗಾಡಿ ಪೂಜೆ ನಮ್ಮಲ್ಲೇ ಮಾಡುವ."

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಸೋಮವಾರ ಹೋಟೆಲಿಗೆ ರಜೆ. ಭೋರ್‌ನ ಅಕ್ಕಿ ವ್ಯಾಪಾರಿಯನ್ನು ನೋಡ್ಲಿಕ್ಕುಂಟು ನಂಗೆ. ಇವಳ ಹಿಂದೆ ಕೂತ್ಕೊಂಡು ಹೋಗ್ತೇನೆ. ಸರಿಯಾಗಿ ಹೋಗಿ ಬಂದ್ರೆ ಗಾಡಿ ಇಲ್ಲೇ ಇರ್ಲಿ. ಇಲ್ಲಾಂದ್ರೆ ನೀನು ತಗೊ." ಮೈದುನ ಒಪ್ಪಿದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಒಪ್ಪುತ್ತಿದ್ದೆ ಅನ್ನುವುದು ಬೇರೆ ಮಾತು.

ಲಿವರು ಬಂದ ದಿನ ಮಧ್ಯಾಹ್ನದ ಊಟದ ಗಲಾಟೆ ಮುಗಿಯುವ ತನಕ ಗಲ್ಲಾದಲ್ಲಿ ಕೂತದ್ದು ನನಗೆ ಶಿಕ್ಷೆಯೇ ಸರಿ. ಕಡೆಯ ಗಿರಾಕಿ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದರೆ ನಾನೇ ಹೋಗಿ ಅವರ ಲೋಟ ಎತ್ತಿ ಸುರಿದುಬಿಡಲೇ ಅನ್ನಿಸುತ್ತಿತ್ತು. ಅವರು ಎದ್ದ ಕೂಡಲೇ ಬಾಗಿಲೆಳೆದು ಹಿತ್ತಿಲಿಗೆ ಓಡಿದೆ. ಅಲ್ಲಿ ಈರುಳ್ಳಿ ಮೂಟೆಗಳ ಪಕ್ಕ ಬೈಕು ನಿಲ್ಲಿಸಿ, ರುಬ್ಬುವ ಯಂತ್ರಕ್ಕೆಂದು ಇಟ್ಟ ಸ್ಪ್ಯಾನರುಗಳನ್ನು ತಂದು ಹರಡಿಕೊಂಡೆ. ಮೆಕ್ಯಾನಿಕ್ಕಿನ ಹತ್ತಿರ ಹೋಗಬಹುದಿತ್ತು. ಆದರೆ ಅವನು ನಾಳೆ ಬನ್ನಿ ಅನ್ನುತ್ತಾನೆ. ನಾಳೆ ಅನ್ನುವ ಮಾತು ನನಗೆ ಆಗಿಬರುವುದಿಲ್ಲ.

ಕ್ಲಚ್ಚಿನ ಕಡೆ ಸಲೀಸಾಯಿತು. ಮೊದಲು ಕೇಬಲ್ಲನ್ನು ಸಡಿಲ ಮಾಡಿಕೊಂಡೆ. ಬೋಲ್ಟ್ ಬಿಚ್ಚಿ ಹಳೆಯ ಲಿವರನ್ನು ಈಚೆ ಎಳೆದು, ಕೇಬಲ್ಲಿನ ತುದಿಯ ಗುಂಡನ್ನು ಅದರ ಗೂಡಿನಿಂದ ಬಿಡಿಸಿದೆ. ಹೊಸದರ ಗೂಡಿಗೆ ಚಿಟಿಕೆ ಗ್ರೀಸ್ ಸವರಿ ಗುಂಡನ್ನು ಕೂರಿಸಿ ಬೋಲ್ಟ್ ಹಾಕಿದೆ. ತಿರುಗಣೆ ತಿರುಗಿಸಿ ನನ್ನ ಕೈಯಳತೆಗೆ ತಂದು ಒತ್ತಿ ನೋಡಿದೆ. ಎರಡೇ ಬೆರಳಿಗೆ ಬಗ್ಗಿತು. ಉಂಗುರಬೆರಳು ಮಾತ್ರ ಹಳೆಯ ಅಭ್ಯಾಸದಿಂದ ಮುಂದೆ ಚಾಚಿ ಲಿವರನ್ನು ಹುಡುಕುತ್ತಿತ್ತು. ಅಲ್ಲಿ ಲಿವರೇ ಇರಲಿಲ್ಲ. ಪಾಪ, ಕೆಲಸ ಕಳೆದುಕೊಂಡದ್ದು ಅದಕ್ಕಿನ್ನೂ ಗೊತ್ತಾಗಿರಲಿಲ್ಲ. ನಾನು ಒಬ್ಬಳೇ ಕೂತು ನಕ್ಕೆ.

ಆಮೇಲೆ ಬ್ರೇಕಿನ ಕಡೆ. ಅಲ್ಲಿ ಕೇಬಲ್ಲಿಲ್ಲ, ಎಣ್ಣೆಯ ಬ್ರೇಕು. ಲಿವರಿನ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದೇ ಒಳಗಿನ ಕೊಂತವನ್ನು, ಅಂದರೆ ಪಿಸ್ಟನ್ನನ್ನು, ಒತ್ತುವುದು. ಕೂರಿಸಿ ಅಲುಗಿಸಿ ನೋಡಿದರೆ ಲಿವರು ಟಕಟಕ ಅನ್ನುತ್ತಿತ್ತು. ಒತ್ತಿದರೆ ಅಕ್ಕಿಕಾಳಿನಷ್ಟು ದೂರ ಸುಮ್ಮನೆ ಬಂದು, ಆಮೇಲೆ ಬ್ರೇಕು ಹಿಡಿಯುತ್ತಿತ್ತು. ಆ ಅಲುಗಾಟ ನನಗೆ ಸಹಿಸಲಾಗಲಿಲ್ಲ. ಹೋಟೆಲಿನವರಿಗೆ ಅಲುಗುವುದು ಯಾವುದೂ ಆಗುವುದಿಲ್ಲ. ಬೆಂಚಿನ ಕಾಲಾಗಲಿ, ಬಾಣಲೆಯ ಹಿಡಿಯಾಗಲಿ, ಅಲುಗಿತೆಂದರೆ ಬಿಸಿ ಎಣ್ಣೆ ಯಾರದ್ದಾದರೂ ಕಾಲ ಮೇಲೆ ಬಿದ್ದಂತೆಯೇ ಲೆಕ್ಕ. ಅಲುಗಿದರೆ ಬಿಗಿ ಮಾಡು, ನಮಗೆ ಗೊತ್ತಿರುವುದು ಅಷ್ಟೇ. ಸಣ್ಣ ಅಲೆನ್ ಕೀಲಿಯಿಂದ ಆ ಸ್ಕ್ರೂವನ್ನು ತಿರುಗಿಸಿದೆ. ಅಲುಗಾಟ ನಿಂತಿತು. ಇನ್ನೂ ಒಂದು ಚೂರು ತಿರುಗಿಸಿದೆ. ಲಿವರು ಕಲ್ಲಿನ ಹಾಗೆ ಕೂತಿತು. ಎಷ್ಟು ಚೆನ್ನಾಗಿ ಕೂರಿಸಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ಹೊರಟೆವು. ಗಂಡ ಹೆಲ್ಮೆಟ್ಟಿನ ಪಟ್ಟಿಯನ್ನು ಗಂಟಲು ಕಟ್ಟುವಷ್ಟು ಬಿಗಿದುಕೊಂಡು, ನೀರಿನ ಬಾಟಲಿ ಇಟ್ಟ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಸ್ವಾರಗೇಟ್ ದಾಟುವಷ್ಟರಲ್ಲಿ ಕ್ಲಚ್ಚನ್ನು ಎಷ್ಟು ಸಲ ಹಿಡಿದೆನೋ, ಎಷ್ಟು ಸಲ ಬಿಟ್ಟೆನೋ. ಬೆರಳು ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಹಿಂದಿನಿಂದ "ಹೇಗುಂಟು?" ಎಂಬ ಪ್ರಶ್ನೆ, ಮುಂದಿನಿಂದ "ಒಳ್ಳೆದುಂಟು" ಎಂಬ ಉತ್ತರ. ಕಾತ್ರಜ್ ಹತ್ತಿರ ಬರುವಾಗ ಇನ್ನೊಮ್ಮೆ ಕೇಳಿದರೆ ಇಲ್ಲೇ ಇಳಿಸಿಬಿಡುತ್ತೇನೆ ಎಂದೆ. ಆಮೇಲೆ ಕೇಳಲಿಲ್ಲ.

ಹಳೆಯ ಘಾಟಿಯನ್ನೇ ಹಿಡಿದೆ. ಮಳೆ ಮುಗಿದು ಗುಡ್ಡವೆಲ್ಲ ಹಸಿರಾಗಿತ್ತು. ಏರುವಾಗ ಗಾಡಿ ಯಾಕೋ ಭಾರ ಅನ್ನಿಸಿತು. ಹಿಂದೆ ಕೂತವರ ತೂಕ ಎಂದುಕೊಂಡೆ. ಸುರಂಗ ದಾಟಿ ಇಳಿಯುವಾಗ ಒಂದು ಟೆಂಪೋ ಪಕ್ಕಕ್ಕೆ ಬಂತು. ಚಾಲಕ ಕತ್ತು ಹೊರಗೆ ಹಾಕಿ, "ಮಾವ್ಶಿ, ಬ್ರೇಕ್ ಲೈಟ್ ಚಾಲೂಚ್ ಆಹೆ," ಎಂದು ಕೂಗಿದ. ನಿಮ್ಮ ಬ್ರೇಕಿನ ದೀಪ ಉರಿಯುತ್ತಲೇ ಇದೆ ಎಂದು ಅವನ ಮಾತು. ಘಾಟಿಯಲ್ಲಿ ಬ್ರೇಕು ಹಿಡಿಯದೆ ಹೋಗಬೇಕಿತ್ತೇ ಎಂದು ಮನಸ್ಸಿನಲ್ಲೇ ಬೈದು, ಮುಂದೆ ಹೋಗೆಂದು ಕೈ ಬೀಸಿದೆ. ಗಾಡಿ ಓಡಿಸುವ ಹೆಂಗಸಿಗೆ ಬುದ್ಧಿ ಹೇಳದವರು ಈ ರಸ್ತೆಯಲ್ಲಿ ಕಡಿಮೆ, ಎಲ್ಲರದ್ದನ್ನೂ ಕೇಳುತ್ತ ಕೂತರೆ ಊರು ಸೇರಿದ ಹಾಗೆಯೇ.

ಹೆದ್ದಾರಿಗೆ ಇಳಿದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಭುಜ ತಟ್ಟಿದರು.

"ಎಂತದೋ ಸೀದ ವಾಸನೆ ಬರ್ತಾ ಉಂಟು."

"ಲಾರಿಯದ್ದು," ಎಂದೆ.

"ಲಾರಿಯದ್ದಲ್ಲ. ಸ್ವಲ್ಪ ನಿಲ್ಸು."

ನಾನು ನಿಲ್ಲಿಸಲಿಲ್ಲ. ಅವರ ಮೂಗು ಎಂಥದ್ದೆಂದು ನನಗೆ ಗೊತ್ತಿಲ್ಲದ್ದಲ್ಲ. ಬಡಿಸುವ ಹಜಾರದಲ್ಲಿ ನಿಂತು, ಒಳಗೆ ಯಾವ ಕಾವಲಿಯಲ್ಲಿ ದೋಸೆ ಸೀಯುತ್ತಿದೆ ಎಂದು ಹೇಳುವವರು. ಆದರೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸರಿಯಾಗಿ ಹೋಗಿ ಬಂದ ಹಾಗಾಗುವುದಿಲ್ಲ, ಗಾಡಿ ಮೈದುನನ ಪಾಲಾಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಇವರಿಗೂ ಅದೇ ಬೇಕಾಗಿದೆ, ನೆಪ ಹುಡುಕುತ್ತಿದ್ದಾರೆ ಎಂದು ಸಿಟ್ಟೂ ಬಂತು. ಆ ಸಿಟ್ಟಿನಲ್ಲಿ ಇನ್ನಷ್ಟು ಜೋರು ಬಿಟ್ಟೆ. ಕಾಪೂರ್‌ಹೋಳ್‌ನಲ್ಲಿ ಹೆದ್ದಾರಿ ಬಿಟ್ಟು ಭೋರ್ ರಸ್ತೆಗೆ ತಿರುಗಿದೆ. ತಿರುಗಿ ಸ್ವಲ್ಪ ದೂರ ಹೋಗಿರಬಹುದು, ಎದುರಿಗೆ ಎಮ್ಮೆಗಳು ಬಂದವೆಂದು ಆಕ್ಸಿಲರೇಟರ್ ಬಿಟ್ಟೆ. ಬ್ರೇಕು ಮುಟ್ಟಿರಲಿಲ್ಲ. ಆದರೂ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ತಾನಾಗಿ ನಿಧಾನವಾಯಿತು, ಮುಂದಿನ ಚಕ್ರ ಕೊಂಯ್ ಎಂದಿತು. ಬ್ರೇಕಿನ ಲಿವರನ್ನು ಮುಟ್ಟಿ ನೋಡಿದೆ. ಚೂರೂ ಕದಲಲಿಲ್ಲ. ಹೇಗೋ ಬದಿಗೆ ತಂದು, ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದೆ. ಆಮೇಲೆ ತಳ್ಳಿದರೆ ಗಾಡಿ ಅಲ್ಲಿಂದ ಮುಂದೆ ಸರಿಯಲೇ ಇಲ್ಲ.

ಗಂಡ ಇಳಿದರು. ಹೆಲ್ಮೆಟ್ ತೆಗೆದು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಚೀಲದಿಂದ ಬಾಟಲಿ ತೆಗೆದು, ನಾಲ್ಕು ಹನಿ ನೀರನ್ನು ಬೆರಳಿಗೆ ಹಾಕಿಕೊಂಡು, ಬ್ರೇಕಿನ ಡಿಸ್ಕ್ ತಟ್ಟೆಯ ಮೇಲೆ ಚಿಮುಕಿಸಿದರು. ದಿನಾ ಬೆಳಿಗ್ಗೆ ಮೊದಲ ದೋಸೆಗೆ ಮುಂಚೆ ಕಾವಲಿ ಕಾದಿದೆಯೇ ಎಂದು ನೋಡುವುದು ಹೀಗೆಯೇ. ಚುಂಯ್ ಎಂದಿತು. ಹನಿಗಳು ತಟ್ಟೆಯ ಮೇಲೆ ಕುಣಿದು ಆವಿಯಾದವು.

"ಇದ್ರಲ್ಲಿ ಈಗ ದೋಸೆ ಹೊಯ್ಬಹುದು," ಎಂದರು.

ನನಗೆ ನಗು ಬರಲಿಲ್ಲ. ಟೆಂಪೋದವನ ಮಾತು ಆಗ ಅರ್ಥವಾಯಿತು. ನಾನು ಹಿಡಿಯದಿದ್ದರೂ ಬ್ರೇಕಿನ ದೀಪ ಉರಿಯುತ್ತಲೇ ಇತ್ತು, ಯಾಕೆಂದರೆ ಬ್ರೇಕು ಹಿಡಿದುಕೊಂಡೇ ಇತ್ತು. ನಾನು ಬಿಗಿದ ಸ್ಕ್ರೂ ಕೊಂತವನ್ನು ಒಳಕ್ಕೆ ಒತ್ತಿಕೊಂಡೇ ಕೂತಿತ್ತು. ಮನೆಯಿಂದ ಹೊರಟಾಗ ಒಂದಿಷ್ಟೇ ಇದ್ದದ್ದು, ಕಾದಂತೆ ಎಣ್ಣೆ ಹಿಗ್ಗಿ ಇನ್ನಷ್ಟು ಹಿಡಿದಿದೆ, ಹಿಡಿದಷ್ಟೂ ಇನ್ನಷ್ಟು ಕಾದಿದೆ. ನನಗೆ ಸಹಿಸಲಾಗದ ಆ ಅಕ್ಕಿಕಾಳಿನಷ್ಟು ಅಲುಗಾಟ ಅಲ್ಲಿ ಇರಲೇಬೇಕಾದದ್ದು. ಹೆದ್ದಾರಿಯಲ್ಲಿ, ಲಾರಿಗಳ ನಡುವೆ, ಚಕ್ರ ಪೂರ್ತಿ ಕಚ್ಚಿಕೊಂಡಿದ್ದರೆ? ಹಿಂದೆ ಕೂತಿದ್ದವರು ಇವರು. ಅವರು ನಿಲ್ಲಿಸು ಎಂದಾಗ ನಾನು ಜೋರು ಬಿಟ್ಟಿದ್ದೆ.

ಬೇಕಾದೀತೆಂದು ತಂದ ಅಲೆನ್ ಕೀಲಿ ಜೇಬಿನಲ್ಲೇ ಇತ್ತು. ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದೆ. ಲಿವರು ಮತ್ತೆ ಟಕಟಕ ಎಂದಿತು. ಗಾಡಿಯನ್ನು ತಳ್ಳಿದರೆ ಚಕ್ರ ಸಲೀಸಾಗಿ ಉರುಳಿತು. ಇಷ್ಟೇ ಕೆಲಸ. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ಗಂಡ ಪಕ್ಕದಲ್ಲಿ ಕೂತು ಬಾಟಲಿ ಕೊಟ್ಟರು. ತಟ್ಟೆ ತಣ್ಣಗಾಗುವ ತನಕ ಅಲ್ಲೇ ಕೂತಿದ್ದೆವು. ಅಷ್ಟು ಹೊತ್ತು ನಾನು ಕಾಲು ಕುಣಿಸದೆ ಕೂತದ್ದು ಆಮೇಲೆ ನೆನಪಿಗೆ ಬಂತು.

ತಟ್ಟೆ ತಣಿದ ಮೇಲೆ ಎದ್ದು ಗಾಡಿಯನ್ನು ಆಚೆ ಈಚೆ ಓಡಿಸಿ ನೋಡಿದೆ. ಬ್ರೇಕು ಹಿಡಿದಾಗ ಹಿಡಿಯಿತು, ಬಿಟ್ಟಾಗ ಬಿಟ್ಟಿತು, ದೀಪವೂ ಆರಿತು. ಎಲ್ಲ ಸರಿಯಾಗಿತ್ತು. ನಾನೇ ಸರಿಯಿರಲಿಲ್ಲ. ಇಷ್ಟು ದಿನ ಬೆರಳಿನದ್ದೇ ಚಿಂತೆ ಮಾಡಿದ್ದೆ. ಈಗ ನೋಡಿದರೆ ಬೆರಳು ಸುಮ್ಮನಿತ್ತು, ಎಡವಟ್ಟು ಮಾಡಿದ್ದು ತಲೆ. ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು ಅವರ ಮುಂದೆ ಹಿಡಿದೆ.

"ತಮ್ಮನಿಗೆ ಫೋನ್ ಮಾಡಿ. ಬಂದು ಗಾಡಿ ತಗೊಂಡು ಹೋಗ್ಲಿ. ನಾವು ಬಸ್ಸಿನಲ್ಲಿ ಹೋಗುವ."

ಅವರು ಕೀಲಿ ತೆಗೆದುಕೊಂಡರು. ಅಂಗೈಯಲ್ಲಿ ಅದನ್ನು ನೋಡುತ್ತ ನಿಂತರು. ನನಗೆ ಅಳು ಬಂತು. ಬೇಡ ಅನ್ನಲಿ ಎಂದು ಕಾದೆ. ಅವರು ಜೇಬಿನಿಂದ ಫೋನ್ ತೆಗೆದರು. ಒತ್ತುವ ಮೊದಲೇ ಅದು ಬಡಿದುಕೊಂಡಿತು. ಆ ಕಡೆಯಿಂದ ಮೈದುನನೇ ಮಾಡಿದ್ದ. ಅವನ ಗಂಟಲು ದೊಡ್ಡದು, ನನಗೂ ಕೇಳಿಸುತ್ತಿತ್ತು.

"ಅಣ್ಣ, ಎಲ್ಲಿದ್ದೀರಿ? ಅತ್ತಿಗೆ ಕೈ ಹೇಗುಂಟು? ನಾನು ಬರ್ಬೇಕಾ ಗಾಡಿ ತರ್ಲಿಕ್ಕೆ?"

ಗಂಡ ಒಮ್ಮೆ ಚಕ್ರದ ಕಡೆ ನೋಡಿದರು, ಒಮ್ಮೆ ನನ್ನ ಕಡೆ.

"ಬೇಡ," ಎಂದರು. "ಭೋರ್‌ಗೆ ಮುಟ್ಟಿ ಆಯ್ತು. ಇಲ್ಲಿ ಚಾ ಕುಡೀತಾ ಇದ್ದೇವೆ. ಅವಳ ಕೈಯೂ ಸರಿ ಉಂಟು, ಗಾಡಿಯೂ ಸರಿ ಉಂಟು."

ಫೋನ್ ಇಟ್ಟರು. ನಾನು ಅವರ ಮುಖವನ್ನೇ ನೋಡಿದೆ. ಚಟ್ನಿ ಬೆಳಗಿನದ್ದಾದರೆ ಗಿರಾಕಿ ಕೇಳದಿದ್ದರೂ ಬೆಳಗಿನದ್ದು ಎಂದು ಹೇಳಿ ಬಡಿಸುವ ಮನುಷ್ಯ. ಆ ಸ್ವಭಾವದಿಂದ ನಾನು ಗಲ್ಲಾದಲ್ಲಿ ಕೂತು ಎಷ್ಟೋ ಸಲ ಹಲ್ಲು ಕಚ್ಚಿದ್ದೇನೆ. ತಮ್ಮನ ಹತ್ತಿರವಂತೂ ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದೇ ಇಲ್ಲ.

"ಯಾಕೆ ಹಾಗೆ ಹೇಳಿದ್ರಿ?" ಎಂದೆ.

ಅವರು ಹೆಲ್ಮೆಟ್ ಹಾಕಿಕೊಂಡು, ಈ ಸಲ ಪಟ್ಟಿಯನ್ನು ಸ್ವಲ್ಪ ಸಡಿಲವಾಗಿಯೇ ಕಟ್ಟಿಕೊಂಡರು. ಕೀಲಿಯನ್ನು ನನ್ನ ಕೈಗಿಟ್ಟರು.

"ನಾನು ಹೇಳಿದ್ದನ್ನು ಸುಳ್ಳು ಮಾಡ್ಬೇಡ ಮಾರಾಯ್ತಿ," ಎಂದರು. "ಹತ್ತು."

ನಾನು ಹತ್ತಿದೆ. ಅವರು ಹಿಂದೆ ಕೂತು, ಕಂಬಿಯನ್ನು ಬಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು. ಭೋರ್ ಮುಟ್ಟುವ ತನಕ ಹೇಗುಂಟು ಎಂದು ಕೇಳಲಿಲ್ಲ.